ಇಳಿಸಲೇನು ಎಂದು ಕೇಳುತ್ತಿದ್ದ ಹಾಡು

ಕದರಮ್ಮನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಗಾಗುತ್ತದೆ, ಬಾಯಿ ಆಮೇಲೆ ತೆರೆಯುತ್ತದೆ. ಈ ಎರಡರ ನಡುವೆ ಸಿಗುವ ಹೊತ್ತಿನಲ್ಲಿ ಬುದ್ಧಿ ಇರುವವರು ಅಲ್ಲಿಂದ ಜಾಗ ಖಾಲಿ ಮಾಡುತ್ತಾರೆ. ರಾಯದುರ್ಗದ ಸಿದ್ದರಾಮೇಶನ ಜೀನ್ಸ್ ಶೆಡ್ಡಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಪ್ಯಾಂಟಿನ ಪಕ್ಕದ ಉದ್ದ ಹೊಲಿಗೆ ಹಾಕುವ ಮೆಷಿನ್ನಿನ ಮುಂದೆ ಆಕೆ ಕೂತರೆ ಹಿಂದೆ ಇದ್ದವರಿಗೆ ಕಾಣುತ್ತಿದ್ದುದು ಒಂದು ತುರುಬು, ಎರಡು ಕಿವಿ. ಇಸ್ತ್ರಿಯ ಬೊಮ್ಮಣ್ಣ ಬೆಳಿಗ್ಗೆ ಬಂದವನೇ ಆ ಕಿವಿಗಳ ಬಣ್ಣ ನೋಡಿ, "ಇವತ್ತು ಯಾರೂ ಅಕ್ಕನ ತಂಟೆಗೆ ಹೋಗಬ್ಯಾಡ್ರಪಾ" ಎಂದು ಸಾರಿಬಿಡುತ್ತಿದ್ದ.

ಈ ಸಿಟ್ಟು ಅಪ್ಪನ ಕಡೆಯಿಂದ ಬಂದದ್ದು ಎಂದು ತಾಯಿ ಎರ್ರಮ್ಮ ಹೇಳುತ್ತಿದ್ದಳು, ತಾಯಿಯ ಕಡೆಯಿಂದ ಬಂದದ್ದು ಎಂದು ಅಪ್ಪ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಕದರಮ್ಮ ಮಡಕಶಿರದ ಕಡೆಯವಳು, ರೊಳ್ಳದ ಹತ್ತಿರದ ಒಂದು ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ತಟ್ಟೆಗಳಲ್ಲಿ ಹುಳ ಸೊಪ್ಪು ಮೇಯುವ ಸದ್ದು ಕೇಳಿದವರಿಗೆ ಗೊತ್ತು, ಹೊರಗೆ ಸೋನೆ ಹಿಡಿದಂತೆ ಒಂದೇ ಸಮನೆ ಸರಸರ. ಆಗಾಗ ಆ ಸದ್ದು ನಿಂತುಬಿಡುತ್ತಿತ್ತು. ಹುಳಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತಿದ್ದವು. ಹಳೆಯ ಚರ್ಮ ಕಳಚಿ ಹೊಸದು ಬರುವ ಹೊತ್ತು ಅದು. ಆ ಕಡೆಯವರು ಅದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲ್ಲಾಡಿಸುವಂತಿಲ್ಲ. ಅವಸರಕ್ಕೆ ಬಿದ್ದು ಹಾಕಿದರೆ ಆ ಬೆಳೆ ಕೆಟ್ಟಿತೆಂದೇ ಲೆಕ್ಕ. ಮನೆಯವರಿಗೂ ಆಗ ಸೊಪ್ಪು ಕೊಯ್ಯುವ ಕೆಲಸವಿಲ್ಲ. ಎರ್ರಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತು ಮನಸ್ಸಿನಲ್ಲಿದ್ದುದನ್ನು ಮಾತಾಡುತ್ತಿದ್ದುದು ಆಗ ಮಾತ್ರ. ತವರಿನ ನೆನಪು, ಮೈದುನನ ಮೇಲಿನ ಮುನಿಸು, ಹೊಟ್ಟೆಯಲ್ಲೇ ಹೋದ ಕೂಸಿನ ಸಂಕಟ, ಎಲ್ಲವನ್ನೂ ಕದರಮ್ಮ ಕೇಳಿದ್ದು ಹುಳ ಸುಮ್ಮನಾದಾಗಲೇ.

ಹರೆಯಕ್ಕೆ ಬಂದ ಮೇಲೆ ಆ ಸೀಮೆಯ ಹುಡುಗಿಯರೆಲ್ಲ ಹೋದಂತೆ ಆಕೆಯೂ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಅಲ್ಲಿ ಹುಳಕ್ಕೆ ಸಿಗುವ ಜ್ವರವೂ ಮನುಷ್ಯರಿಗೆ ಸಿಗುತ್ತಿರಲಿಲ್ಲ. ನೀರು ಕುಡಿದರೆ ಒಂದು ಬೈಗುಳ, ಕುಡಿದ ನೀರು ಬಿಡಲು ಎದ್ದರೆ ಎರಡು. ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದವಳು ಮಡಕಶಿರದ ಚಿನ್ನಕ್ಕ. ಅವಳ ಹತ್ತಿರ ಒಂದು ಟೇಪ್ ರೆಕಾರ್ಡರು, ಒಂದೇ ಒಂದು ಕ್ಯಾಸೆಟ್ಟು ಇದ್ದವು. ಹಾಡಿದವರ ಗುಂಪಿನ ಹೆಸರು 'ಹಗೇವು'. ಹಿಂದೆ ಕಾಳು ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಗುಂಡಿಗೆ ಇರುವ ಹೆಸರು ಹಾಡುವವರಿಗೆ ಯಾಕೆ ಬೇಕಾಯಿತೋ ಕದರಮ್ಮನಿಗೆ ತಿಳಿಯಲಿಲ್ಲ. ಅದು ಸಿನಿಮಾ ಹಾಡಲ್ಲ, ಭಜನೆಯಲ್ಲ, ಜಾನಪದ ಎಂದರೆ ಜಾನಪದದವರು ಬಡಿಯಲು ಬಂದಾರು. ಕರೆಂಟಿನ ಗಿಟಾರು, ಡ್ರಮ್ಮು, ಗಂಟಲು ಹರಿಯುವಂತೆ ಕೂಗುವ ಒಬ್ಬ ಉದ್ದಗೂದಲಿನವನು. ರಾಕ್ ಬ್ಯಾಂಡ್ ಎನ್ನುತ್ತಾರಂತೆ.

ಆ ಕ್ಯಾಸೆಟ್ಟಿನಲ್ಲಿ 'ಮೂಟೆ' ಎಂಬ ಹಾಡಿತ್ತು. ಮೂಟೆ ಹೊತ್ತು ಊರಿಂದೂರಿಗೆ ನಡೆಯುವವನ ಹಾಡು. ಅರ್ಧದ ತನಕ ಕಿವಿ ಕಿತ್ತುಹೋಗುವ ಗದ್ದಲ. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತು, ಒಂದೇ ತಂತಿ ಝುಂಯ್ ಎನ್ನುತ್ತಾ ಸಣ್ಣಗಾಗುತ್ತದೆ. ಕೂಗುತ್ತಿದ್ದವನು ಕೂಗು ಬಿಟ್ಟು, ಪಕ್ಕದಲ್ಲಿ ಕೂತವರನ್ನು ಕೇಳುವ ದನಿಯಲ್ಲಿ "ಇಳಿಸಲೇನು?" ಎಂದು ಕೇಳುತ್ತಾನೆ. ಆ ಮೇಲೆ ಏನೂ ಇಲ್ಲ. ಮೊದಲ ಸಲ ಕೇಳಿದಾಗ ಟೇಪು ಕೆಟ್ಟಿತೆಂದು ಕದರಮ್ಮ ಅದರ ನೆತ್ತಿಗೆ ತಟ್ಟಲು ಹೋಗಿದ್ದಳು. ಚಿನ್ನಕ್ಕ ಕೈ ಹಿಡಿದು, "ತಾಳೇ, ಇನ್ನೂ ಐತೆ" ಎಂದಳು. ಇಬ್ಬರೂ ಉಸಿರು ಹಿಡಿದು ಕೂತರು. ಸುಮಾರು ಹೊತ್ತಾದ ಮೇಲೆ ಡ್ರಮ್ಮು ಮತ್ತೆ ಎದ್ದಿತು. ಅಷ್ಟರಲ್ಲಿ ಕದರಮ್ಮನ ಕಣ್ಣಲ್ಲಿ ನೀರು.

"ಜ್ವರಕ್ಕೆ ಕೂತಂಗೈತೆ ಕಣೆ ಈ ಹಾಡು" ಎಂದಳು.

ಬೆಂಗಳೂರಿನ ಕೆಲಸ ಬಹಳ ದಿನ ಬಾಳಲಿಲ್ಲ. ಹೊಟ್ಟೆನೋವೆಂದು ಎದ್ದ ಹುಡುಗಿಯೊಬ್ಬಳ ಜಡೆ ಹಿಡಿದು ಕೂರಿಸಿದ ಸೂಪರ್‌ವೈಸರನ ಕೆನ್ನೆಗೆ ಕದರಮ್ಮ ಬಿಟ್ಟ ಏಟಿನ ಸದ್ದು ಇಡೀ ಫ್ಲೋರಿಗೆ ಕೇಳಿತಂತೆ. ಅಲ್ಲಿಗೆ ಆ ಋಣ ಹರಿಯಿತು. ಆಮೇಲೆ ಗೂಡ್ಸ್ ಆಟೋ ಓಡಿಸುವ ರಂಗನಾಥನೊಂದಿಗೆ ಮದುವೆ, ಅವನು ಬಾಡಿಗೆ ಹುಡುಕಿಕೊಂಡು ಬಂದ ರಾಯದುರ್ಗ, ರಾಯದುರ್ಗದಲ್ಲಿ ಬೀದಿಗೊಂದರಂತೆ ಎದ್ದಿದ್ದ ಜೀನ್ಸ್ ಶೆಡ್ಡುಗಳು.

ಕೆಲಸ ಕೇಳಲು ಹೋದ ದಿನ ಸಿದ್ದರಾಮೇಶನ ಶೆಡ್ಡಿನಲ್ಲಿ 'ಮೂಟೆ' ಹಾಡುತ್ತಿತ್ತು. ಆಕೆ ಬಾಗಿಲಲ್ಲೇ ನಿಂತುಬಿಟ್ಟಳು. ಸಿದ್ದರಾಮೇಶ ಆಗ ಇನ್ನೂ ಮೀಸೆ ಬಲಿಯದ ಸಾಹುಕಾರ. ಅಪ್ಪನ ಬಟ್ಟೆ ಅಂಗಡಿ ಬಿಟ್ಟು ಸಾಲ ಮಾಡಿ ಮೆಷಿನ್ನು ತಂದಿದ್ದ. ಹಗೇವು ಎಂದರೆ ಪ್ರಾಣ ಬಿಡುತ್ತಿದ್ದ.

"ಈ ಹಾಡು ನಿಮಗ ಹೆಂಗ ಗೊತ್ರಿ ಅಕ್ಕಾರ?" ಎಂದು ಕೇಳಿದ. ಹೊಲಿಗೆ ಬರುತ್ತದೆಯೇ ಎಂದು ಕೇಳಲೇ ಇಲ್ಲ.

ಅಂದು ಮೆಷಿನ್ನಿಗೆ ಕೂತ ಕದರಮ್ಮ, ಹಾಡು ಸುಮ್ಮನಾಗುವ ಜಾಗ ಬಂದಾಗ ತಾನೂ ಪೆಡಲಿನಿಂದ ಕಾಲೆತ್ತಿದಳು. ಜ್ವರದ ಹೊತ್ತಿನಲ್ಲಿ ಸೊಪ್ಪು ಹಾಕಬಾರದು ಎಂಬುದು ಮೈಗೆ ಅಂಟಿದ್ದ ಬುದ್ಧಿ. ಪಕ್ಕದವಳು ನೋಡಿ ತಾನೂ ಎತ್ತಿದಳು. ಕೆಲವು ವಾರಗಳಲ್ಲಿ ಅದು ಇಡೀ ಶೆಡ್ಡಿನ ಪದ್ಧತಿಯಾಯಿತು. ರಾಯದುರ್ಗದವರು ಅದಕ್ಕೆ 'ಗಪ್' ಎಂದರು. ಊಟಕ್ಕೆ ಮುಂಚೆ ಒಂದು ಸಲ, ಸಂಜೆಯ ಚಹಾಕ್ಕೆ ಮುಂಚೆ ಒಂದು ಸಲ 'ಮೂಟೆ' ಬರುತ್ತಿತ್ತು. "ಇಳಿಸಲೇನು?" ಎಂದದ್ದೇ ತಡ, ಎಲ್ಲರ ಕಾಲೂ ಮೇಲೆ. ಮೋಟಾರುಗಳ ಮೊರೆತ ಅಡಗಿ ಶೆಡ್ಡು ಗಪ್ಪಾಗುತ್ತಿತ್ತು. ಅಷ್ಟು ಹೊತ್ತಿನಲ್ಲಿ ಯಾರಿಗೆ ಏನು ಹೇಳಬೇಕೋ ಅವರು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಬಹುದು. ಗಪ್ಪಿನಲ್ಲಿ ಆಡಿದ ಮಾತಿಗೆ ಯಾರೂ ಎದುರು ಹೇಳುವಂತಿಲ್ಲ, ಆಮೇಲೆ ಆ ಮಾತು ಹಿಡಿದು ಯಾರನ್ನೂ ಬಯ್ಯುವಂತಿಲ್ಲ, ಸಾಹುಕಾರನೂ ಕೂಡ. ಈ ನೇಮವನ್ನು ಯಾರು ಮಾಡಿದರು ಎಂದರೆ ಯಾರೂ ಮಾಡಲಿಲ್ಲ, ಆಯಿತು.

ಒಂದು ಮಾತು ಹೇಳುವಷ್ಟೇ ಹೊತ್ತು ಅದು. ಒಂದು ಮಾತಿಗಿಂತ ಹೆಚ್ಚು ಬೇಕಾಗುವ ಸಂಗತಿ ಲೋಕದಲ್ಲಿ ಕಡಿಮೆ. "ಲೆಟ್ರಿನ್ನಿಗೆ ಚಿಲಕ ಇಲ್ರಿ" ಎಂದು ಒಬ್ಬಳು ಗಪ್ಪಿನಲ್ಲಿ ಹೇಳಿದಳು, ಮರುದಿನ ಚಿಲಕ ಬಂತು. ಅದೇ ಮಾತನ್ನು ಒಬ್ಬೊಬ್ಬರೇ ಹೋಗಿ ಹೇಳಿದಾಗ "ನೋಡೋಣ್ರಿ" ಎಂದಿದ್ದ ಸಾಹುಕಾರ. ಬೊಮ್ಮಣ್ಣ ತನಗೆ ಎದೆನೋವು ಬರುತ್ತಿದೆ ಎಂದು ಹೇಳಿದ್ದೂ ಅಲ್ಲೇ. ಸಿದ್ದರಾಮೇಶ ಅವನನ್ನು ತನ್ನ ಬೈಕಿನಲ್ಲಿ ಕೂರಿಸಿಕೊಂಡು ಬಳ್ಳಾರಿಗೆ ಹೋದ. ಎರ್ರಮ್ಮ ತೀರಿಕೊಂಡ ಸುದ್ದಿ ಬಂದ ದಿನ ಕದರಮ್ಮ ಮೆಷಿನ್ನಿಗೆ ಕೂತು ಹೊಲಿಯುತ್ತಲೇ ಇದ್ದಳು, ನಾಲಿಗೆ ಎದ್ದಿರಲಿಲ್ಲ. ಗಪ್ ಬಂದಾಗ, "ನಮ್ಮವ್ವ ಹೋದ್ಲು" ಎಂದಳು. ಆಕೆಯನ್ನು ಊರಿಗೆ ಮುಟ್ಟಿಸಿದ್ದು ಸಾಹುಕಾರನ ಕಾರೇ. ಇದನ್ನು ಇಲ್ಲಿ ಹೇಳದಿದ್ದರೆ ಸಿದ್ದರಾಮೇಶನಿಗೆ ಅನ್ಯಾಯವಾದೀತು. ಮುಂದೆ ಅವನು ಬಯ್ಯಿಸಿಕೊಳ್ಳುವುದು ಇದ್ದೇ ಇದೆ.

ಹೀಗೆ ವರ್ಷಗಳು ಕಳೆದವು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಪೆನ್ ಡ್ರೈವ್ ಬಂತು. ಹಾಡು ಅದೇ. ಹಗೇವಿನವರು ಎಲ್ಲಿದ್ದಾರೋ ಏನೋ, ಹೊಸದೇನೂ ಹಾಡಿರಲಿಲ್ಲ. ಆಮೇಲೆ ಒಂದು ದಿನ ಸಿದ್ದರಾಮೇಶ ಮಂಡಕ್ಕಿ ಮಿರ್ಚಿ ಹಿಡಿದುಕೊಂಡು ಶೆಡ್ಡಿಗೆ ಬಂದ. ಮುಖ ಹಬ್ಬದ ಮನೆಯಂತಿತ್ತು.

ಹಗೇವು ಹೊಸ ಆಲ್ಬಮ್ ಮಾಡಿತ್ತು. ಹೆಸರು 'ಜಬರ್ದಸ್ತ್'. ದೊಡ್ಡ ಕಂಪನಿಯೊಂದು ದುಡ್ಡು ಹಾಕಿತ್ತು. ಬೇರೆಯವರ ಹೆಸರಿನ ಪ್ಯಾಂಟು ಹೊಲಿದು ಸಾಕಾಗಿ ತನ್ನದೇ ಹೆಸರಿನ ಜೀನ್ಸ್ ಹೊರತರಲು ಹೊರಟಿದ್ದ ಸಿದ್ದರಾಮೇಶ, ಆ ಕಂಪನಿಯವರ ಕೈಕಾಲು ಹಿಡಿದು, ಪ್ಯಾಂಟಿನ ಹಿಂದಿನ ಚರ್ಮದ ಪಟ್ಟಿಯ ಮೇಲೆ ಹಗೇವಿನವರ ಚಿತ್ರ ಹಾಕಲು ಒಪ್ಪಿಗೆ ತಂದಿದ್ದ. ಹರೆಯದಲ್ಲಿ ಗೋಡೆಗೆ ಅಂಟಿಸಿಕೊಂಡಿದ್ದ ಮುಖಗಳು ಈಗ ತನ್ನ ಪ್ಯಾಂಟಿನ ಮೇಲೆ. ಅವನ ಸಂತೋಷ ಸುಳ್ಳಾಗಿರಲಿಲ್ಲ.

"ಕೇಳ್ರಿ ಎಲ್ಲಾರೂ, ನಮ್ಮ ಮೂಟೆನೂ ಐತಿ ಇದ್ರಾಗ, ಹೊಸಾದು" ಎಂದು ಸ್ಪೀಕರಿಗೆ ಹಚ್ಚಿದ.

ಹೊಸ 'ಮೂಟೆ' ಹಳೆಯದರ ಅರ್ಧದಷ್ಟೂ ಇರಲಿಲ್ಲ. ಮದುವೆ ಮೆರವಣಿಗೆಯಲ್ಲಿ ಕೇಳುವಂಥ ಕಂಪ್ಯೂಟರಿನ ಬಡಿತ ಮೊದಲಿನಿಂದ ಕೊನೆಯ ತನಕ ಧಬಧಬ. ಸುಮ್ಮನಾಗುವ ಜಾಗ ಬಂತು. ಕದರಮ್ಮನ ಕಾಲು ತಾನಾಗಿ ಮೇಲೆದ್ದಿತು. ಅಲ್ಲಿ ಯಾವನೋ ಹುಡುಗ ಇಂಗ್ಲಿಷು ಕನ್ನಡ ಕಲಸಿ ಪಟಪಟ ಮಾತಾಡಿದ. ಅವನ ಹಿಂದೆ ಹತ್ತಾರು ಗಂಟಲು ಒಟ್ಟಿಗೆ, "ಎತ್ತು! ಎತ್ತು! ಎತ್ತು!" ಎಂದು ಕೂಗಿದವು. "ಇಳಿಸಲೇನು?" ಎಂಬ ಮಾತೇ ಇರಲಿಲ್ಲ.

ಮೇಲೆದ್ದ ಕಾಲನ್ನು ಎಲ್ಲಿ ಇಡಬೇಕೆಂದು ಕದರಮ್ಮನಿಗೆ ತಿಳಿಯಲಿಲ್ಲ. ಕಿವಿ ಕೆಂಪಗಾದವು.

ಮಿರ್ಚಿ ತಿನ್ನುತ್ತಾ ಎಲ್ಲರೂ ಅಭಿಪ್ರಾಯ ಹೇಳಿದರು. ಅಭಿಪ್ರಾಯಕ್ಕೇನು, ಮಂಡಕ್ಕಿಯಷ್ಟೇ ಅಗ್ಗ. ಮಡಕಶಿರದಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ಗಂಗೋತ್ರಿ, "ಚೆನ್ನಾಗೈತಕ್ಕ. ಹಳೇದು ಸತ್ತೋರ ಮನೇಲಿ ಹಾಡ್ದಂಗಿತ್ತು, ಇದು ಕುಣಿಯಂಗೈತೆ" ಎಂದಳು. ಕುಣಿದೂ ತೋರಿಸಿದಳು. ಬೊಮ್ಮಣ್ಣ, "ಯಾವ ಹಾಡು ಆದ್ರೇನವಾ, ನನ್ನ ಇಸ್ತ್ರಿ ಪೆಟ್ಟಿಗಿ ಹಗುರಾಗ್ತೈತೇನು?" ಎಂದ. ಇನ್ನೊಬ್ಬಳು ಹಾಡುಗಾರನ ದನಿ ಇನ್ನೂ ಗಟ್ಟಿಯಾಗಿದೆ ಎಂದಳು, ಮತ್ತೊಬ್ಬಳು ಅದು ಅವನ ದನಿಯೇ ಅಲ್ಲ, ಮೆಷಿನ್ನಿನದು ಎಂದು ವಾದಕ್ಕೆ ಬಿದ್ದಳು.

ಕದರಮ್ಮ ಮಿರ್ಚಿ ಮುಟ್ಟಲಿಲ್ಲ. ನೇರ ಸಾಹುಕಾರನ ಮೇಜಿಗೆ ಹೋದಳು.

"ಸಾವ್ಕಾರ್ರೆ, ಇದು ಆ ಹಾಡಲ್ಲ."

"ಅದಾ ಐತ್ರಿ ಅಕ್ಕಾರ. ಹೊಸಾ ಬಟ್ಟಿ ತೊಡಿಸ್ಯಾರ ಅಷ್ಟಾ."

"ಬಟ್ಟೆ ತೊಡಿಸಿಲ್ಲ, ಕತ್ತು ಕುಯ್ದವ್ರೆ. ಗಪ್ ಎಲ್ಲೋಯ್ತು?"

"ಈಗಿನ ಮಂದಿಗೆ ತಡಕೊಳ್ಳಾಕ ಆಗಂಗಿಲ್ರಿ. ಹಾಡೋರೂ ಹೊಟ್ಟಿ ತುಂಬಿಸ್ಕೋಬೇಕಲ್ರಿ. ಹರೇದಾಗ ಹಸಕೊಂಡು ಹಾಡಿದ್ರು, ಮುಪ್ಪಿನ್ಯಾಗೂ ಹಸಕೊಂಡಾ ಇರ್ರಿ ಅನ್ನಾಕ ಬರ್ತೈತೇನು?"

ಈ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯವಿದ್ದುದರಿಂದಲೇ ಕದರಮ್ಮನ ಸಿಟ್ಟು ಇಮ್ಮಡಿಯಾಯಿತು.

"ತುಂಬಿಸ್ಕಳ್ಳಿ, ಯಾರ್ ಬ್ಯಾಡಂದ್ರು? ಬೇರೆ ಹಾಡು ಕಟ್ಟಿ ತುಂಬಿಸ್ಕಳ್ಳಿ. ಜ್ವರಕ್ಕೆ ಕೂತಿರೋ ಹುಳಕ್ಕೆ ಸೊಪ್ಪು ಸುರಿದವ್ರೆ ಇವ್ರು. ನಮಗೆ ಹಳೇದೇ ಹಾಕಿ."

"ಯಾವ ಹುಳಾರಿ?" ಎಂದು ಸಿದ್ದರಾಮೇಶ ನಕ್ಕ. ರಾಯದುರ್ಗದವನಿಗೆ ರೇಷ್ಮೆ ಹುಳದ ಪಾಡು ಏನು ಗೊತ್ತು. "ಹಳೇದು ಹಾಕಂಗಿಲ್ರಿ ಇನ್ನ. ಕಂಪ್ನಿಯವರು ಬಂದು ನೋಡ್ತಾರ, ಹೊಸಾದಾ ಇರಬೇಕು."

ಇನ್ನೊಂದು ಕಾರಣ ಆಮೇಲೆ ಹುಟ್ಟಿಕೊಂಡಿತು, ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಗಪ್ ಹೋದ ಮೇಲೆ ಸಂಜೆಗೆ ಪ್ಯಾಂಟಿನ ರಾಶಿ ಎತ್ತರವಾಗುತ್ತಿತ್ತು. ಧಬಧಬದ ವೇಗಕ್ಕೆ ಕಾಲುಗಳೂ ವೇಗವಾಗುತ್ತಿದ್ದವು. ಇದನ್ನು ಕಂಡುಕೊಳ್ಳಲು ಸಾಹುಕಾರನಿಗೆ ತಡವಾಗಲಿಲ್ಲ, ಕದರಮ್ಮನಿಗೂ ಆಗಲಿಲ್ಲ. ಒಂದೆರಡು ದಿನ ಆಕೆ ಒಬ್ಬಳೇ "ಎತ್ತು ಎತ್ತು" ಬಂದಾಗ ಕಾಲೆತ್ತಿ ಕೂತಳು. ಉಳಿದವರ ಮೆಷಿನ್ನುಗಳು ಓಡುತ್ತಲೇ ಇದ್ದವು. ಪೀಸಿನ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುವವರು ಹಾಡೇ ನಿಲ್ಲದಿರುವಾಗ ತಾವು ಯಾಕೆ ನಿಲ್ಲುತ್ತಾರೆ? ಒಂದು ಕೈಯಲ್ಲಿ ಚಪ್ಪಾಳೆಯಾದೀತೇ?

ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವಳು ಮೂಕಮ್ಮ. ರಾಯದುರ್ಗದ ಹೊರಗಿನ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಓಡುವವಳು. ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ಗಂಡನಿಲ್ಲ, ಎರಡು ಮಕ್ಕಳು. ಕೆಲಸ ಹೋಗುವ ಭಯ ಅವಳ ಬೆನ್ನಿಗೆ ಕಟ್ಟಿದ ಹಾಗಿತ್ತು. ಹೊಸ ಹಾಡು ಬಂದ ಮೇಲೆ ಕದರಮ್ಮ ಒಂದನ್ನು ಗಮನಿಸಿದಳು. ಆ ಜಾಗ ಹತ್ತಿರವಾಗುತ್ತಿದ್ದಂತೆ ಮೂಕಮ್ಮ ತಲೆಯೆತ್ತಿ, ತುಟಿ ತೆರೆದು, ಸಾಹುಕಾರನ ಮೇಜಿನ ಕಡೆ ತಿರುಗುತ್ತಿದ್ದಳು. "ಎತ್ತು ಎತ್ತು" ಶುರುವಾದೊಡನೆ ತುಟಿ ಮುಚ್ಚಿ ಹೊಲಿಗೆಗೆ ಬಗ್ಗುತ್ತಿದ್ದಳು. ದಿನಾ ಇದೇ. ಏನನ್ನೋ ಹೇಳಲು ಗಪ್ಪಿಗಾಗಿ ಕಾಯುತ್ತಿದ್ದಾಳೆ ಎಂದು ಕದರಮ್ಮನಿಗೆ ಖಾತ್ರಿಯಾಯಿತು.

"ಏನೇ ಮೂಕಿ, ಏನೋ ಹೇಳ್ಬೇಕಂತೀಯ? ನಂಗೇಳು, ನಾನೋಗಿ ಸಾವ್ಕಾರ್ರ ಮುಂದೆ ಹೇಳ್ತೀನಿ" ಎಂದು ಊಟದ ಹೊತ್ತಿನಲ್ಲಿ ಕೇಳಿದಳು.

"ಬ್ಯಾಡಕ್ಕಾ. ನೀ ಹೇಳಿದ್ರ ಜಗಳ ಆಗ್ತೈತಿ. ಗಪ್ಪಿನ್ಯಾಗ ಆಗಿದ್ರ ಯಾರೂ ಏನೂ ಅಂತಿರಲಿಲ್ಲ" ಎಂದು ಮೂಕಮ್ಮ ಬುತ್ತಿ ಕಟ್ಟಿಕೊಂಡು ಎದ್ದಳು. ಅವಳ ಪೆಡಲಿನ ಮೇಲೆ ಜೀನ್ಸ್ ಚಿಂದಿಯ ಮಡಿಕೆಯೊಂದು ಇದ್ದುದನ್ನು ಕದರಮ್ಮ ಕಂಡಳು. ಕಾಲು ನೋವಿಗೆ ಮೆತ್ತಗಿರಲೆಂದು ಹಾಕಿಕೊಂಡಿದ್ದಾಳೆ ಎಂದುಕೊಂಡಳು.

ಆ ವಾರವೇ ಒಂದು ಮಧ್ಯಾಹ್ನ ಮೂಕಮ್ಮನ ತೋರುಬೆರಳಿನ ಉಗುರಿನ ಮೇಲೆ ಸೂಜಿ ಇಳಿಯಿತು. ದಪ್ಪ ಬಟ್ಟೆಗೆ ಹಾಕುವ ಸೂಜಿ, ಮೂಳೆಗೆ ತಗುಲಿ ಒಳಗೇ ಮುರಿಯಿತು. ಅವಳು ಕೂಗಿದಳು. ಎಷ್ಟು ಸಲ ಕೂಗಿದಳೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಸ್ಪೀಕರಿನಲ್ಲಿ ಹತ್ತಾರು ಗಂಟಲು "ಎತ್ತು! ಎತ್ತು!" ಎಂದು ಅರಚುತ್ತಿದ್ದವು. ಪಕ್ಕದಲ್ಲೇ ಇದ್ದ ಕದರಮ್ಮನಿಗೇ ಕೇಳಲಿಲ್ಲ. ಬಟ್ಟೆಯ ಮೇಲೆ ಕೆಂಪು ಹರಿದುಬಂದದ್ದು ಕಂಡ ಮೇಲೆ ತಿರುಗಿ ನೋಡಿದಳು. ಮೂಕಮ್ಮ ಬಾಯಿ ತೆರೆದುಕೊಂಡಿದ್ದಳು, ದನಿ ಮಾತ್ರ ಹಾಡಿನೊಳಗೆ ಮುಳುಗಿತ್ತು.

ಸೂಜಿಯ ಚೂರು ತೆಗೆಸಿ ಪಟ್ಟಿ ಕಟ್ಟಿಸಿಕೊಂಡು ಬಂದವಳನ್ನು ಸಿದ್ದರಾಮೇಶ ಕೈಬಿಡಲಿಲ್ಲ, ದಾರ ಕತ್ತರಿಸುವ ಕೆಲಸಕ್ಕೆ ಕೂರಿಸಿದ. ಅದಕ್ಕೆ ಕೂಲಿ ಕಡಿಮೆ. "ಕೈ ಮ್ಯಾಲ ಲಕ್ಷ್ಯ ಇರಬೇಕವಾ" ಎಂದ. ಮೂಕಮ್ಮ ತಲೆ ತಗ್ಗಿಸಿದಳು. ಅವಳ ಮೆಷಿನ್ನಿಗೆ ಗಂಗೋತ್ರಿಯನ್ನು ಕೂರಿಸಿದರು. ಕದರಮ್ಮನಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಹಾಡಿದವನನ್ನು, ಹಾಡಿಸಿದವನನ್ನು, ಅವರಿಬ್ಬರ ಏಳು ತಲೆಮಾರನ್ನು ಬೈದಳು. ರಂಗನಾಥ, "ಒಂದು ಹಾಡಿಗೆ ಇಷ್ಟು ಬಯ್ತಾರೇನೆ?" ಎಂದ. ಅವನಿಗೂ ಒಂದು ಪಾಲು ಸಿಕ್ಕಿತು.

ಕೆಲವು ದಿನಗಳ ಮೇಲೆ ಕಂಪನಿಯವರು ಬಂದರು. ಊರೂರು ತಿರುಗಿ ಕೇಳುಗರ ಅಭಿಪ್ರಾಯ ಚಿತ್ರೀಕರಿಸುವುದು, ಹಾಗೇ ಹಗೇವಿನ ಪಟ್ಟಿಯಿರುವ ಪ್ಯಾಂಟು ಹೊಲಿಯುವವರು ಹಾಡಿನ ತಾಳಕ್ಕೆ ಹೊಲಿಯುವುದನ್ನು ತೆಗೆಯುವುದು ಅವರ ಕೆಲಸ. ಜೊತೆಗೆ ಆ ಹಾಡುಗಾರನೇ ಬಂದಿದ್ದ. ಉದ್ದಗೂದಲು ಹೋಗಿ ನೆತ್ತಿ ಹೊಳೆಯುತ್ತಿತ್ತು. ಉಳಿದ ಗಡ್ಡಕ್ಕೆ ಕಪ್ಪು ಹಚ್ಚಿದ್ದ. ಸಿದ್ದರಾಮೇಶ ಅವನ ಕಾಲಿಗೇ ಬಿದ್ದ. ಕದರಮ್ಮ ಮೆಷಿನ್ನಿನಿಂದ ಏಳಲಿಲ್ಲ. ಇಷ್ಟು ವರ್ಷ ಕಿವಿಯೊಳಗಿದ್ದ ದನಿಗೆ ಇಷ್ಟೊಂದು ಸುಸ್ತಾದ ಮುಖವಿದೆ ಎಂದು ಆಕೆ ಎಣಿಸಿರಲಿಲ್ಲ. ಒಂದು ಕ್ಷಣ ಮರುಕವೂ ಬಂತು. ದಾರ ಕತ್ತರಿಸುತ್ತಾ ಮೂಲೆಯಲ್ಲಿ ಕೂತ ಮೂಕಮ್ಮನ ಬೆರಳಿನ ಪಟ್ಟಿ ಕಂಡಿತು, ಮರುಕ ಹೋಯಿತು.

ಕ್ಯಾಮೆರಾದವನು ಒಬ್ಬೊಬ್ಬರ ಮುಂದೆ ನಿಂತು, "ಆಲ್ಬಮ್ ಹೇಗಿದೆ, ಒಂದೇ ಮಾತಲ್ಲಿ ಹೇಳಿ" ಎಂದ. "ಸೂಪರ್", "ಸೂಪರ್ ಐತ್ರಿ", "ಚಲೋ ಐತ್ರಿ" ಎಂದು ಬಂತು. ಕದರಮ್ಮನ ಮುಂದೆ ಬಂದಾಗ ಸಿದ್ದರಾಮೇಶ ಹಿಂದಿನಿಂದ ಕಣ್ಣು ಮಿಟುಕಿಸಿದ, ಆಮೇಲೆ ಕೈ ಮುಗಿದ.

"ನೀವು ಆ ಹಾಡಲ್ಲಿ ಸುಮ್ಮನಾಗ್ತಿದ್ರಲ್ಲ" ಎಂದು ಕದರಮ್ಮ ಕ್ಯಾಮೆರಾ ಬಿಟ್ಟು ಹಾಡುಗಾರನನ್ನೇ ಕೇಳಿದಳು, "ಅದ್ಯಾಕೆ ತೆಗೆದ್ರಿ?"

ಅವನು ಸುತ್ತಿ ಬಳಸಲಿಲ್ಲ. "ಮೊಬೈಲಲ್ಲಿ ಕೇಳೋರು ಅಷ್ಟು ಹೊತ್ತು ಕಾಯಲ್ಲಮ್ಮ. ಹಾಡು ಸುಮ್ಮನಾದ್ರೆ ಬೆರಳಲ್ಲಿ ಒತ್ತಿ ಮುಂದಿನ ಹಾಡಿಗೆ ಹೋಗಿಬಿಡ್ತಾರೆ. ಕಂಪ್ನಿಯವರು ತೆಗೀರಿ ಅಂದ್ರು. ನನಗೂ ವಯಸ್ಸಾಯ್ತು, ಜಗಳ ಆಡೋ ಶಕ್ತಿ ಇಲ್ಲ."

"ಅವ್ರ ಬೆರಳಿಗೆ ಅವಸರ ಅಂತ ನಮ್ಮ ಬೆರಳಿಗೆ ಸೂಜಿ ಇಳೀತು" ಎಂದಳು ಕದರಮ್ಮ. ಹಾಡುಗಾರನಿಗೆ ಅರ್ಥವಾಗಲಿಲ್ಲ. ಸಿದ್ದರಾಮೇಶನಿಗೆ ಆಯಿತು. ಅವನು ತಟ್ಟನೆ ಚಪ್ಪಾಳೆ ತಟ್ಟಿ, "ಹಾಡು ಹಚ್ಚಿರ್ರಿ, ಎಲ್ಲಾರೂ ಕುಂದರ್ರಿ, ಕರೆಂಟ್ ಹೋದೀತು" ಎಂದು ಮಾತು ಮುರಿದ.

ಸ್ಪೀಕರಿನಲ್ಲಿ ಧಬಧಬ ಎದ್ದಿತು. ಕ್ಯಾಮೆರಾ ಮೆಷಿನ್ನುಗಳ ಸಾಲಿನ ಉದ್ದಕ್ಕೂ ಹರಿದಾಡಿತು. ಕದರಮ್ಮ ಹೊಲಿಯುತ್ತಾ ಓರೆಗಣ್ಣಲ್ಲಿ ಪಕ್ಕ ನೋಡಿದಳು. ಗಂಗೋತ್ರಿಯ ಪೆಡಲಿನ ಮೇಲೆ ಜೀನ್ಸ್ ಚಿಂದಿಯ ಮಡಿಕೆ. ಮೂಕಮ್ಮ ಹಾಕಿಕೊಂಡಿದ್ದಂಥದೇ, ಅವಳದಕ್ಕಿಂತ ದಪ್ಪ. ಈಗಷ್ಟೇ ಹದಿಹರೆಯ ದಾಟಿದ ಈ ಹುಡುಗಿಗೆ ಕಾಲು ನೋವೆಲ್ಲಿಂದ ಬಂತು? ಮೆಷಿನ್ನಿನ ಕಬ್ಬಿಣ ಮುಟ್ಟುವಾಗ ಗಂಗೋತ್ರಿ ಬಿಸಿ ಪಾತ್ರೆ ಮುಟ್ಟುವವಳಂತೆ ಬೆರಳ ತುದಿ ತಾಗಿಸಿ ತೆಗೆಯುತ್ತಿದ್ದಳು.

ಕದರಮ್ಮನಿಗೆ ಆಗ ತಿಳಿಯಿತು. ಮೂಕಮ್ಮನ ತುಟಿಗೆ ಬಂದು ದಿನಾ ಹಿಂದಕ್ಕೆ ಹೋಗುತ್ತಿದ್ದ ಮಾತು ಏನೆಂಬುದು ತಿಳಿಯಿತು. ಸಿಟ್ಟು ಕಿವಿಯಲ್ಲಿ ನಿಲ್ಲದೆ ನೆತ್ತಿಗೇ ಏರಿತು. ಆದರೆ ಆ ಮಾತು ಆಕೆಯದಲ್ಲ. ಹೇಳಬೇಕಾದವಳು ಮೂಲೆಯಲ್ಲಿ ಕೂತಿದ್ದಳು.

"ಎತ್ತು! ಎತ್ತು!" ಶುರುವಾಯಿತು. ಕದರಮ್ಮ ಕಾಲೆತ್ತಿದಳು. ಎತ್ತಿ, ಸಾಲಿನ ಕಡೆಗೆ ಪೂರ್ತಿ ತಿರುಗಿ ಕೂತು, ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಯಿ ತೆರೆಯಲಿಲ್ಲ. ಮೊದಲು ಗಂಗೋತ್ರಿಯ ಕಾಲು ಎದ್ದಿತು, ಹೊಸ ಹಾಡಿಗೆ ಕುಣಿದು ತೋರಿಸಿದ್ದ ಗಂಗೋತ್ರಿಯದು. ಅದರ ಹಿಂದೆ ಗುಂಡಿ ತೂತಿಗೆ ಖಾಜಾ ಹಾಕುವವಳದು. ಆಮೇಲೆ ಬೆಲ್ಟು ಕೂರಿಸುವವರದು, ಜೇಬಿನವರದು. ಒಂದೊಂದೇ ಮೋಟಾರು ಅಡಗುತ್ತಾ ಬಂದು ಶೆಡ್ಡಿನಲ್ಲಿ ಹಾಡೊಂದೇ ಉಳಿಯಿತು. ಮೆಷಿನ್ನುಗಳ ಸದ್ದಿಲ್ಲದೆ ಆ ಕೂಗು ಬೋಳುಬೋಳಾಗಿ, ಯಾರೂ ಬಾರದ ಮದುವೆಮನೆಯ ಓಲಗದಂತೆ ಕೇಳಿತು. ಬೊಮ್ಮಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ನಡೆದುಹೋಗಿ, ಸ್ಪೀಕರಿನ ಪ್ಲಗ್ ಕಿತ್ತ.

ಶೆಡ್ಡು ಗಪ್ಪಾಯಿತು.

"ಯಾಕ ನಿಲ್ಲಿಸಿ..." ಎಂದ ಸಿದ್ದರಾಮೇಶ ಅಲ್ಲಿಗೇ ನಿಂತ. ಅವನಿಗೂ ಗೊತ್ತಾಯಿತು ಇದು ಯಾವ ಹೊತ್ತೆಂದು. ಎಷ್ಟೇ ಆದರೂ ಈ ಪದ್ಧತಿಯಲ್ಲಿ ಅವನೂ ಬೆಳೆದವನು.

ಮೂಕಮ್ಮ ಎದ್ದು ನಿಂತಳು. ಪಟ್ಟಿ ಕಟ್ಟಿದ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ಆ ಮೆಷಿನ್ ಶಾಕ್ ಹೊಡಿತೈತ್ರಿ ಸಾವ್ಕಾರ್ರ. ನನ್ನ ಕೈ ತಪ್ಪಿದ್ದಲ್ರಿ, ಅದು ಜಗ್ಗಿದ್ದು. ಹೇಳಬೇಕಂತ ಕಾದ್ನಿರಿ, ಜಾಗಾನಾ ಬರಲಿಲ್ಲ."

ಸಿದ್ದರಾಮೇಶ ಬಾಯಿ ತೆರೆದ. ಗಪ್ಪಿನ ಮಾತಿಗೆ ಎದುರು ಹೇಳುವಂತಿಲ್ಲ. ಮುಚ್ಚಿಕೊಂಡ. ಆಗ ಆ ಮೆಷಿನ್ನಿನ ಮುಂದೆಯೇ ಕೂತಿದ್ದ ಗಂಗೋತ್ರಿ, ಯಾರನ್ನೂ ನೋಡದೆ, ಮಡಿಲಲ್ಲಿದ್ದ ತನ್ನ ಕೈಗಳನ್ನೇ ನೋಡುತ್ತಾ ಹೇಳಿದಳು.

"ನಂಗೂ ಹೊಡಿತೈತೆ. ದಿನಾ ಹೊಡಿತೈತೆ."

ಸಿದ್ದರಾಮೇಶ ಗೋಡೆಗೆ ಕೈ ಊರಿ ನಿಂತ. ಒಂದು ಬೆರಳಿಗೆ ಸೂಜಿ ಇಳಿದಿತ್ತು, ಇನ್ನು ಸ್ವಲ್ಪ ದಿನ ಆ ಹಾಡು ನಿಲ್ಲದೆ ಹಾಡಿದ್ದರೆ ಒಂದು ಜೀವವೇ ಹೋಗುತ್ತಿತ್ತು. ಅದೂ ಯಾರಿಗೂ ಕೇಳಿಸದೆ, ತಾಳಕ್ಕೆ ಸರಿಯಾಗಿ. ಅವನು ಹೋಗಿ ಮೈನ್ ಸ್ವಿಚ್ ಇಳಿಸಿದ. ಫ್ಯಾನುಗಳೂ ನಿಂತವು. ಫೋನು ತೆಗೆದು ತೆಲುಗಿನಲ್ಲಿ, "ಇಪ್ಪುಡೇ ರಾ, ಇಪ್ಪುಡೇ" ಎಂದು, ನಿಂತ ಕಾಲಲ್ಲೇ ಬರುವಂತೆ ಕರೆಂಟಿನ ಕೆಲಸದವನನ್ನು ಕರೆದ.

"ಸಾರ್, ಇನ್ನೊಂದ್ ಟೇಕ್ ಹೋಗೋಣ್ವಾ?" ಎಂದು ಕ್ಯಾಮೆರಾದವನು ಕೇಳಿದ. ಅವನ ಕೆಲಸ ಅವನಿಗೆ.

ಹಾಡುಗಾರ ಕದರಮ್ಮನ ಕಡೆ ತಿರುಗಿ, "ಏನಮ್ಮ ಇದು? ಏನಾಯ್ತು ಇಲ್ಲಿ?" ಎಂದು ಕೇಳಿದ. ಆ ಹಳೆಯ ಹಾಡಿನಲ್ಲಿ ಕೇಳುತ್ತಿದ್ದ ದನಿ, ಪಕ್ಕದಲ್ಲಿ ಕೂತವರನ್ನು ಕೇಳುವಂಥದು, ಅವನ ಗಂಟಲಲ್ಲಿ ಇನ್ನೂ ಇತ್ತು. ಅದು ಕದರಮ್ಮನನ್ನು ಮತ್ತಷ್ಟು ಉರಿಸಿತು. ಇದ್ದೂ ಕೊಡದವನ ಮೇಲೆ ಬರುವ ಸಿಟ್ಟು ಇಲ್ಲದವನ ಮೇಲೆ ಬರುವುದಿಲ್ಲ. ಅಲ್ಲಿಯ ತನಕ ನೀವು ಎಂದಿದ್ದವಳು ನೀನು ಎಂದಳು.

"ಅಭಿಪ್ರಾಯ ಕೇಳಿದ್ಯಲ್ಲಪ್ಪ, ಇದೇ. ಇಳಿಸಲೇನು ಅಂತ ಕೇಳೋಕೆ ನಮಗೆ ಬಾಯಿರ್ಲಿಲ್ಲ. ನಮ್ಮ ಪರವಾಗಿ ನೀನು ಕೇಳ್ತಿದ್ದೆ. ಕೇಳೋದ್ ಬಿಟ್ಟೆ. ಬಿಡು. ಇನ್ ಮೇಲೆ ನಾವೂ ಯಾರ್ನೂ ಕೇಳಲ್ಲ, ಇಳಿಸ್ತೀವಿ."

ಆಕೆಯ ಕಾಲು ಪೆಡಲಿನ ಆಚೆ ನೆಲದ ಮೇಲಿತ್ತು. ಕರೆಂಟಿನವನು ಬಂದು, ಆ ಮೆಷಿನ್ನಿನ ಮೋಟಾರು ಬಿಚ್ಚಿ, ಬೋಳಾಗಿ ಹೊಳೆಯುತ್ತಿದ್ದ ತಾಮ್ರದ ತಂತಿಯನ್ನು ಎತ್ತಿ ಎಲ್ಲರಿಗೂ ತೋರಿಸುವ ತನಕ ಅಲ್ಲೇ ಇತ್ತು.